ಆರು ಹಳದಿ ಮಾದರಿಗಳಿಂದ ದಿನಕ್ಕೊಂದು ಮಾತ್ರೆಯವರೆಗೆ

1986ರಲ್ಲಿ ಮದ್ರಾಸಿನ ವೈದ್ಯಕೀಯ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ, ಐಸ್ ಪೆಟ್ಟಿಗೆಯಲ್ಲಿ ರಕ್ತದ ಮಾದರಿಗಳನ್ನಿಟ್ಟುಕೊಂಡು ರಾತ್ರಿ ರೈಲಿನಲ್ಲಿ ವೆಲ್ಲೂರಿಗೆ ಹೋದರು. ಎಲೈಸಾ ಪರೀಕ್ಷೆಯಲ್ಲಿ ಆರು ಮಾದರಿಗಳು ಹಳದಿಗೆ ತಿರುಗಿದವು, ಎಂದರೆ ಅವುಗಳಲ್ಲಿ ಎಚ್‌ಐವಿ ಸೋಂಕಿತ್ತು. ಅವರ ಮಾರ್ಗದರ್ಶಕಿ ಡಾ. ಸುನೀತಿ ಸೊಲೊಮನ್. ಎಚ್‌ಐವಿ ಅಮೆರಿಕದವರ ಕಾಯಿಲೆ, ನಮಗೇನು ಎಂಬ ನೆಮ್ಮದಿ ಅಲ್ಲಿಗೆ ಮುಗಿಯಿತು.

ಏಡ್ಸ್‌ನ ಮೊದಲ ವರದಿ ಬಂದದ್ದು 1981ರಲ್ಲಿ. ಅದಕ್ಕೆ ಕಾರಣವಾದ ಎಚ್‌ಐವಿ ವೈರಸ್ಸನ್ನು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆ ಗುರುತಿಸಿದ್ದು 1983ರಲ್ಲಿ. ನಮ್ಮ ರೋಗನಿರೋಧಕ ಶಕ್ತಿಯನ್ನು ನಡೆಸುವ ಸಿಡಿ4 ಕಣಗಳೊಳಗೇ ಅದು ಸೇರಿಕೊಂಡು ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಆ ಕಣಗಳು ವರ್ಷದಿಂದ ವರ್ಷಕ್ಕೆ ಕುಸಿದು ಕ್ಷಯದಂಥ ರೋಗಗಳು ಮೇಲೆರಗುತ್ತವೆ. ಆ ಹಂತವೇ ಏಡ್ಸ್.

ಪರಿಣಾಮಕಾರಿ ಮದ್ದಿಲ್ಲದ ಆ ಕಾಲದ ಪ್ರಚಾರದಲ್ಲಿ ತಿಳಿವಳಿಕೆಗಿಂತ ಹೆದರಿಕೆಯೇ ಹೆಚ್ಚಿತ್ತು. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದು ಲೆಕ್ಕವೇ ಬದಲಾಯಿತು. 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಈ ಚಿಕಿತ್ಸೆಯ, ಅಂದರೆ ಎಆರ್‌ಟಿಯ, ಮಾತ್ರೆಗಳನ್ನು ಉಚಿತವಾಗಿ ಕೊಡತೊಡಗಿದಾಗ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಈಗ ಬಹುತೇಕರಿಗೆ ದಿನಕ್ಕೊಂದೇ ಮಾತ್ರೆ. ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಅಲ್ಲೇ ನಿಂತರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಸೋಂಕಿತ ಗರ್ಭಿಣಿಗೆ ಚಿಕಿತ್ಸೆ ಇಲ್ಲದಿದ್ದರೆ ಮಗುವಿಗೆ ಹರಡುವ ಸಾಧ್ಯತೆ ಶೇ. 15ರಿಂದ 45, ಚಿಕಿತ್ಸೆ ಸಿಕ್ಕರೆ ಶೇ. 5ಕ್ಕಿಂತ ಕಡಿಮೆ.

ಇಷ್ಟಾದರೂ ಮೂಡಿಗೆರೆ, ಕಳಸದ ಕಡೆ ಈ ಹೆಸರೆತ್ತಿದರೆ ದನಿ ತಗ್ಗುತ್ತದೆ. ದೇವರಮನೆ ಸುತ್ತಿನ ತೋಟದ ಲೈನ್ ಮನೆಯವರಾಗಲಿ, ಮಾಲೀಕರಾಗಲಿ, ಪರೀಕ್ಷೆಗೆ ದೂರ ಹೋಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಆಪ್ತಸಮಾಲೋಚಕರು ಮೊದಲು ಮಾತಾಡಿಸಿ ಒಪ್ಪಿಗೆ ಪಡೆಯುತ್ತಾರೆ. ಕಿಟ್‌ಗೆ ರಕ್ತದ ಹನಿ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ. ಸೋಂಕಿನ ಸುಳಿವು ಕಂಡರೆ ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆರಡು ಪರೀಕ್ಷೆ; ಮೂರರಲ್ಲೂ ಅದೇ ಉತ್ತರ ಬಂದರಷ್ಟೇ ಪಾಸಿಟಿವ್. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪ್ರತಿಕಾಯಗಳು ಸಾಲದೆ ನೆಗೆಟಿವ್ ಬರುವುದುಂಟು. ಅನುಮಾನವಿದ್ದವರು ಮೂರು ತಿಂಗಳ ಬಳಿಕ ಇನ್ನೊಮ್ಮೆ ಮಾಡಿಸಬೇಕು.

ಫಲಿತಾಂಶ ಊರಿಗೆಲ್ಲ ಗೊತ್ತಾದರೆ ಎಂಬ ಅಂಜಿಕೆಗೂ ಉತ್ತರವಿದೆ. 2017ರಲ್ಲಿ ಸಂಸತ್ತು ಅಂಗೀಕರಿಸಿದ, 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ-ಏಡ್ಸ್ ಕಾಯ್ದೆಯಂತೆ ಸೋಂಕಿತರ ಗುಟ್ಟು ಬಿಟ್ಟುಕೊಡುವಂತಿಲ್ಲ. ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆಯಲ್ಲಿ ಭೇದ ಮಾಡುವಂತಿಲ್ಲ. ಜೊತೆಯಲ್ಲಿ ಉಂಡರೆ, ಕೈ ಕುಲುಕಿದರೆ, ಸೊಳ್ಳೆ ಕಚ್ಚಿದರೆ ಎಚ್‌ಐವಿ ಬರುವುದಿಲ್ಲ. ಸಂಶಯವಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ. ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ.