ಮನೆಯ ಕಡತ: ಹಳೆಯ ಕಾಗದ, ಮೊಹರು, ಚಮಕಿಗಳಿಂದ ಒಂದು ನೆನಪಿನ ಪುಸ್ತಕ



ಪಟ್ಟಣದ ಪುಸ್ತಕದಂಗಡಿಗಳಲ್ಲಿ ಈಚೆಗೆ ಒಂದು ಬಗೆಯ ಪೆಟ್ಟಿಗೆ ಮಾರಾಟಕ್ಕೆ ಇರುತ್ತದೆ. ಮೊಬೈಲಿನಲ್ಲಿ ಆರ್ಡರು ಕೊಟ್ಟರೆ ಮನೆ ಬಾಗಿಲಿಗೂ ಬರುತ್ತದೆ. ಅದರೊಳಗೆ ದಪ್ಪ ಹಾಳೆಯ ಆಲ್ಬಮ್ಮು, ಹೂಬಳ್ಳಿ ಅಚ್ಚಾದ ಬಣ್ಣದ ಕಾಗದ, ಪುಟ್ಟ ಪುಟ್ಟ ರಬ್ಬರ್ ಮೊಹರು, ಶಾಯಿ ಪ್ಯಾಡು, ಚಮಕಿ, ರಿಬ್ಬನ್ನು, ಅಂಟಿಸುವ ಅಕ್ಷರಗಳು ಇರುತ್ತವೆ. ಇದಕ್ಕೆ ಸ್ಕ್ರ್ಯಾಪ್‌ಬುಕ್ ಕಿಟ್ ಎಂದು ಹೆಸರು. ಫೋಟೋ, ಪತ್ರ, ಲಗ್ನಪತ್ರಿಕೆ, ಟಿಕೇಟು ಮೊದಲಾದ ನೆನಪಿನ ವಸ್ತುಗಳನ್ನು ಹಾಳೆಗೆ ಹಚ್ಚಿ, ಸುತ್ತ ಅಲಂಕಾರ ಮಾಡಿ, ಕೆಳಗೆ ನಾಲ್ಕು ಮಾತು ಬರೆದಿಡುವ ಕಲೆ ಇದು. ಈ ಕಿಟ್ಟನ್ನು ಕೊಳ್ಳದೆ, ಮನೆಯ ಸಾಮಾನಿನಿಂದಲೇ ಅಂಥ ಪುಸ್ತಕವನ್ನು ಹೇಗೆ ಮಾಡಬಹುದು, ಗಡಿಭಾಗದ ನಮಗೆ ಅದು ಏಕೆ ಬೇಕು ಎಂಬುದನ್ನು ಇಂದು ನೋಡೋಣ.

ಈ ಹವ್ಯಾಸ ಹೊರದೇಶದಲ್ಲಿ ಹಳೆಯದು. ಅಮೆರಿಕದ ಪ್ರಸಿದ್ಧ ಲೇಖಕ ಮಾರ್ಕ್ ಟ್ವೇನ್ 1873ರಲ್ಲಿ ಇಂಥದೊಂದು ಪುಸ್ತಕಕ್ಕೆ ಪೇಟೆಂಟ್ ಪಡೆದಿದ್ದ. ಅದರ ಹಾಳೆಗೆ ಮೊದಲೇ ಅಂಟು ಬಳಿದಿರುತ್ತಿತ್ತು. ನೀರು ಸವರಿದರೆ ಸಾಕು, ಚೂರು ಕಾಗದ ಹಿಡಿದುಕೊಳ್ಳುತ್ತಿತ್ತು. 1980ರಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆದ ದಾಖಲೆಗಳ ಸಮ್ಮೇಳನವೊಂದರಲ್ಲಿ ಕ್ರಿಸ್ಟೆನ್ಸನ್ ಎಂಬ ಮನೆತನದವರು ತಮ್ಮ ಕುಟುಂಬದ ಪುಸ್ತಕಗಳನ್ನು ಪ್ರದರ್ಶನಕ್ಕಿಟ್ಟರು. ಆಮೇಲೆ ಇದು ದೊಡ್ಡ ವ್ಯಾಪಾರವಾಗಿ ಬೆಳೆಯಿತು.

ನಮ್ಮಲ್ಲೂ ಇದಕ್ಕೆ ಹತ್ತಿರದ ವಸ್ತುವೊಂದು ಇತ್ತು. ಅದು ಕಡತ. ಇಂದು ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು. ಮೊದಲು ಹಾಗಲ್ಲ. ಉದ್ದನೆಯ ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಬೀಸಣಿಗೆಯ ಹಾಗೆ ಹಿಂದಕ್ಕೂ ಮುಂದಕ್ಕೂ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವೇ ಕಡತ. ಅಂಗಡಿಯ ಲೆಕ್ಕ, ಮಠದ ಲೆಕ್ಕ, ಊರಿನ ವೃತ್ತಾಂತ ಎಲ್ಲವನ್ನೂ ಅದರಲ್ಲಿ ಬರೆದಿಡುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಬಹಳ ಉಳಿದಿವೆ. ಕಿಟ್ಟಿನಲ್ಲಿ ಬರುವ ಮಡಿಕೆ ಆಲ್ಬಮ್ಮಿನ ರೂಪವೂ ಇದೇ. ಹೆಸರು ಬೇರೆ, ಮಡಿಕೆ ಒಂದೇ.

ನಮ್ಮ ಭಾಗಕ್ಕೆ ಈ ಕೆಲಸ ಏಕೆ ಬೇಕು? ಬೊಮ್ಮನಹಾಳ್, ಕಣೇಕಲ್, ರಾಯದುರ್ಗ, ಡಿ. ಹಿರೇಹಾಳು, ಅತ್ತ ಮಡಕಶಿರದ ಮನೆಗಳಲ್ಲಿ ಅಟ್ಟದ ಮೇಲೆ ಒಂದೊಂದು ತಗಡಿನ ಟ್ರಂಕು ಇದ್ದೇ ಇರುತ್ತದೆ. ಅದರಲ್ಲಿ ಕನ್ನಡದ ಕಾಗದವೂ ಉಂಟು, ತೆಲುಗಿನದೂ ಉಂಟು. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತ ವರ್ಷಗಳಲ್ಲಿ ಮಾದರಿ ಸಹಿಯ ಕಾರ್ಡುಗಳನ್ನು ದಿನವೂ ನೋಡುತ್ತಿದ್ದೆ. ಒಂದೇ ಮನೆಯ ಅಜ್ಜ ಕನ್ನಡದಲ್ಲಿ ಸಹಿ ಮಾಡಿರುತ್ತಿದ್ದ, ಮಗ ತೆಲುಗಿನಲ್ಲಿ, ಮೊಮ್ಮಗ ಇಂಗ್ಲಿಷಿನಲ್ಲಿ. ಮನೆಯಲ್ಲಿ ಮೂವರೂ ಆಡುವ ಮಾತು ಒಂದೇ; ಬರೆಯುವ ಅಕ್ಷರ ಮಾತ್ರ ಮೂರು. ಅಜ್ಜ ಬರೆದ ಪತ್ರ ಟ್ರಂಕಿನಲ್ಲಿ ಇದ್ದರೂ ಮೊಮ್ಮಗನಿಗೆ ಅದು ಓದಲು ಬಾರದ ಕಾಗದ. ಗುಂಪು ಫೋಟೋದಲ್ಲಿ ಹನ್ನೊಂದು ಜನ ನಿಂತಿದ್ದರೆ, ಅಷ್ಟೂ ಜನರ ಹೆಸರು ಹೇಳಬಲ್ಲವರು ಮನೆಯಲ್ಲಿ ಒಬ್ಬರೇ ಉಳಿದಿರುತ್ತಾರೆ. ಆ ಒಬ್ಬರು ಹೋದ ಮರುದಿನ ಅದು ಯಾರದೋ ಫೋಟೋ ಆಗುತ್ತದೆ. ಗೆದ್ದಲು ತಿಂದ ಕಾಗದದಲ್ಲಿ ಅರ್ಧವಾದರೂ ಉಳಿದೀತು. ಬರೆದಿಡದ ಹೆಸರು ಪೂರ್ತಿ ಹೋಗುತ್ತದೆ.

ಆದ್ದರಿಂದ ಕತ್ತರಿ ಹಿಡಿಯುವ ಮೊದಲು ಕಾಗದಗಳನ್ನು ಕಾಲಕ್ಕೆ ತಕ್ಕಂತೆ ಜೋಡಿಸಿಕೊಳ್ಳಿ. ತಾರೀಖು ಇಲ್ಲದ ಪತ್ರವೂ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ವಿಳಾಸ ನೋಡಿ. ರಾಯದುರ್ಗ ತಾಲ್ಲೂಕು, ಬಳ್ಳಾರಿ ಜಿಲ್ಲೆ ಎಂದು ಬರೆದಿದ್ದರೆ ಅದು 1953ಕ್ಕೆ ಹಿಂದಿನದಿರಬೇಕು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ತಾಲ್ಲೂಕುಗಳು ಮೈಸೂರಿಗೆ ಹೋದವು. ಮಡಕಶಿರ ಆಗಲೂ ಅನಂತಪುರ ಜಿಲ್ಲೆಯಲ್ಲೇ ಇತ್ತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಬಳ್ಳಾರಿಯ ನೆಂಟರ ವಿಳಾಸದಲ್ಲಿ ಮೈಸೂರು ರಾಜ್ಯ ಎಂದಿದ್ದರೆ ಅದು 1973ರ ನವೆಂಬರಿಗೆ ಹಿಂದಿನದು. ಕರ್ನಾಟಕ ಎಂಬ ಹೆಸರು ಬಂದದ್ದು ಆಗ. ವಿಳಾಸದ ಕೊನೆಗೆ ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕೆ ಈಚಿನದು.

ಅಂಚೆ ಚೀಟಿಯೂ ಸಾಕ್ಷಿ ಹೇಳುತ್ತದೆ. ಬೆಲೆ ಆಣೆಯಲ್ಲಿದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ಕ್ಕೆ ಹಿಂದೆ ಅಚ್ಚಾದದ್ದು. ನಯಾ ಪೈಸೆ ಎಂದಿದ್ದರೆ ಅಲ್ಲಿಂದ 1964ರ ಆಸುಪಾಸಿನವರೆಗಿನದು. ಆ ವರ್ಷ ಜೂನಿನಲ್ಲಿ ನಯಾ ಎಂಬ ಪದವನ್ನು ಕೈಬಿಟ್ಟರು. ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರದ ಚೀಟಿ 1960ರದು, ಪುರಂದರದಾಸರದು 1964ರದು. ಅಂಚೆ ಮೊಹರು ಸ್ಪಷ್ಟವಾಗಿದ್ದರೆ ಚೀಟಿಯನ್ನು ಬಿಡಿಸಬೇಡಿ, ಲಕೋಟೆಯನ್ನು ಹಾಗೆಯೇ ಇಡಿ. ಊರಿನ ಹೆಸರೂ ತಾರೀಖೂ ಅದರಲ್ಲೇ ಇರುತ್ತದೆ. ಮೊಹರು ಅಳಿಸಿಹೋಗಿದ್ದರೆ ಮಾತ್ರ, ಚೀಟಿಯ ಸುತ್ತ ಜಾಗ ಬಿಟ್ಟು ಕತ್ತರಿಸಿ, ತಣ್ಣೀರಿನಲ್ಲಿ ಅರ್ಧ ಗಂಟೆ ತೇಲಿಬಿಡಿ. ತಾನಾಗಿ ಕಳಚಿಕೊಳ್ಳುತ್ತದೆ. ಎಳೆಯಬೇಡಿ.

ಇನ್ನು ಪುಸ್ತಕ ಕಟ್ಟುವ ಕ್ರಮ. ಕಡತದ ಮಡಿಕೆಯೇ ಇದಕ್ಕೆ ಅನುಕೂಲ. ಹೊಲಿದ ನೋಟುಪುಸ್ತಕಕ್ಕೆ ಫೋಟೋ ಹಚ್ಚುತ್ತ ಹೋದರೆ ಮಧ್ಯೆ ಉಬ್ಬಿ, ಬೆನ್ನು ಕಿತ್ತು ಬಾಯಿ ತೆರೆದುಕೊಳ್ಳುತ್ತದೆ. ಮಡಿಕೆ ಪುಸ್ತಕ ಎಷ್ಟು ದಪ್ಪವಾದರೂ ಸಡಿಲಗೊಂಡು ಜಾಗ ಕೊಡುತ್ತದೆ. 22 ಅಂಗುಲ ಅಗಲ, 28 ಅಂಗುಲ ಉದ್ದದ ದಪ್ಪನೆಯ ಬಿಳಿ ಡ್ರಾಯಿಂಗ್ ಹಾಳೆ ಒಂದನ್ನು ತನ್ನಿ. ಉದ್ದಕ್ಕೆ 7 ಅಂಗುಲದ ಮೂರು ಪಟ್ಟಿ ಕತ್ತರಿಸಿ. ಒಂದು ಅಂಗುಲದ ಪಟ್ಟಿ ಮಿಗುತ್ತದೆ, ಬಿಸಾಡಬೇಡಿ. ಪ್ರತಿ ಪಟ್ಟಿಯನ್ನೂ 7 ಅಂಗುಲಕ್ಕೊಂದರಂತೆ ಹಿಂದೆ ಮುಂದೆ ಮಡಿಸಿದರೆ ನಾಲ್ಕು ಪುಟ. ಮಿಕ್ಕ ಒಂದಂಗುಲದ ಪಟ್ಟಿಯಿಂದ ತುಂಡು ಮಾಡಿ, ಮೂರೂ ಪಟ್ಟಿಗಳನ್ನು ಹಿಂಬದಿಯಿಂದ ಜೋಡಿಸಿ ಅಂಟಿಸಿ. ಹನ್ನೆರಡು ಪುಟದ ಪುಸ್ತಕ ಸಿದ್ಧ. ಎರಡು ತುದಿಗೂ ಕಾಲಂಗುಲ ಹೆಚ್ಚಿನ ಅಳತೆಯ ರಟ್ಟು ಹಚ್ಚಿ, ಹಳೆಯ ಸೀರೆಯ ಅಂಚನ್ನೋ ಪಂಚೆಯ ತುಂಡನ್ನೋ ಅದಕ್ಕೆ ಹೊದಿಸಿ. ಕಟ್ಟಲು ಒಂದು ಲಾಡಿ ಇರಲಿ.

ಅಂಟಿನ ವಿಷಯದಲ್ಲಿ ಎಚ್ಚರ ಬೇಕು. ಸೆಲ್ಲೋಟೇಪು ಬೇಡವೇ ಬೇಡ. ಕೆಲವು ವರ್ಷಕ್ಕೆ ಅದು ಹಳದಿಯಾಗಿ, ಪ್ಲಾಸ್ಟಿಕ್ಕು ಉದುರಿ, ಜಿಡ್ಡು ಮಾತ್ರ ಕಾಗದದೊಳಕ್ಕೆ ಇಳಿದು ಕಂದು ಕಲೆಯಾಗುತ್ತದೆ. ಗುಂಡುಪಿನ್ನು, ಸ್ಟೇಪಲ್ ಪಿನ್ನುಗಳು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತವೆ. ನೋಟಿನ ಕಟ್ಟುಗಳಿಗೆ ಸ್ಟೇಪಲ್ ಹೊಡೆಯಬಾರದೆಂದು ರಿಸರ್ವ್ ಬ್ಯಾಂಕು 2001ರಲ್ಲಿ ಆಜ್ಞೆ ಮಾಡಿದ್ದು ನಿಮಗೆ ನೆನಪಿರಬಹುದು. ಪಿನ್ನು ತೆಗೆದಾಗೆಲ್ಲ ನೋಟು ಹರಿಯುತ್ತಿತ್ತು. ನಿಮ್ಮ ಅಜ್ಜಿಯ ಪತ್ರಕ್ಕೆ ನೋಟಿಗಿಂತ ಹೆಚ್ಚಿನ ಮರ್ಯಾದೆ ಸಿಗಲಿ. ಬಿಳಿ ಫೆವಿಕಾಲನ್ನು ರಟ್ಟಿಗೂ ಅಲಂಕಾರಕ್ಕೂ ಬಳಸಬಹುದು. ಒಮ್ಮೆ ಹಿಡಿದರೆ ಬಿಡುವುದಿಲ್ಲವಾದ್ದರಿಂದ ಫೋಟೋಕ್ಕೂ ಪತ್ರಕ್ಕೂ ಬೇಡ. ಮೈದಾ ಅಂಟು ನೀರಿಗೆ ಬಿಡುತ್ತದೆ, ಅದು ಒಳ್ಳೆಯ ಗುಣ. ಆದರೆ ಹುಳವನ್ನು ಕರೆಯುತ್ತದೆ, ತೆಳ್ಳಗೆ ಬಳಿದು ಚೆನ್ನಾಗಿ ಒಣಗಿಸಬೇಕು. ಹುಳ ಬಾರದಿರಲೆಂದು ಕೆಲವರು ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ. ಮಕ್ಕಳು ಕೂತು ಮಾಡುವ ಕೆಲಸದಲ್ಲಿ ಅದನ್ನು ಹತ್ತಿರಕ್ಕೂ ತರಬೇಡಿ.

ಫೋಟೋ ಹಚ್ಚಲು ಅಂಟೇ ಬೇಕಿಲ್ಲ, ಮೂಲೆಚೀಲ ಸಾಕು. ಎರಡಂಗುಲ ಉದ್ದ, ಒಂದಂಗುಲ ಅಗಲದ ಕಾಗದದ ತುಂಡು ತೆಗೆದುಕೊಂಡು, ಮೇಲಿನ ಎರಡೂ ಮೂಲೆಗಳನ್ನು ಕೆಳಗಿನ ಅಂಚಿನ ನಡುವಿಗೆ ಮಡಿಸಿದರೆ ಮುಕ್ಕೋನದ ಚೀಲವಾಗುತ್ತದೆ. ಇಂಥ ನಾಲ್ಕನ್ನು ಫೋಟೋದ ನಾಲ್ಕು ಮೂಲೆಗೆ ತೊಡಿಸಿ, ಚೀಲದ ಬೆನ್ನಿಗೆ ಮಾತ್ರ ಅಂಟು ಹಚ್ಚಿ ಹಾಳೆಗೆ ಒತ್ತಿ. ಬೇಕೆಂದಾಗ ಫೋಟೋವನ್ನು ಹೊರಗೆ ತೆಗೆಯಬಹುದು. ಹಳೆಯ ಅಂಟುಹಾಳೆಯ ಆಲ್ಬಮ್ಮಿನಲ್ಲಿ ಫೋಟೋ ಹಿಡಿದು ಕೂತಿದ್ದರೆ ಕೀಳಬೇಡಿ. ಗಟ್ಟಿಯಾದ ತೆಳು ನೂಲನ್ನು ಫೋಟೋದ ಅಡಿಯಲ್ಲಿ ಗರಗಸದಂತೆ ಮೆಲ್ಲಗೆ ಆಡಿಸಿ ಬಿಡಿಸಿ.

ಈಗ ಮೊಹರು. ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡ ಕೊಯ್ದು ಶಾಯಿಗೆ ಅದ್ದಿದರೆ ಐದೆಸಳಿನ ಹೂವು ಬರುತ್ತದೆ. ಆಲೂಗಡ್ಡೆಯ ಹೋಳಿನಲ್ಲಿ ಎಲೆ, ನಕ್ಷತ್ರ ಕೆತ್ತಬಹುದು. ಬಹಳ ದಿನ ಬಾಳಬೇಕಾದರೆ ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಕೆತ್ತಿ. ಅಕ್ಷರವಾದರೆ ಅದು ಕನ್ನಡಿಯಲ್ಲಿ ಕಂಡಂತೆ ತಿರುವಾಗಿರಬೇಕು. ಬೆಣ್ಣೆಕಾಗದದ ಮೇಲೆ ಪೆನ್ಸಿಲಿನಿಂದ ಅಕ್ಷರ ಬರೆದು, ಬರೆದ ಮುಖವನ್ನೇ ರಬ್ಬರಿನ ಮೇಲೆ ಮಗುಚಿ ಉಗುರಿನಿಂದ ಉಜ್ಜಿದರೆ ತಿರುವಚ್ಚು ತಾನೇ ಮೂಡುತ್ತದೆ. ಮನೆತನದ ಮೊದಲಕ್ಷರ ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ತೆಲುಗಿನಲ್ಲಿ ಇರಲಿ. ಕಚೇರಿಯ ನೇರಳೆ ಶಾಯಿ ಬಿಸಿಲಿಗೆ ಮಾಸುತ್ತದೆ, ನೀರು ತಗುಲಿದರೆ ಹರಡುತ್ತದೆ. ಆದ್ದರಿಂದ ಮೊಹರನ್ನು ಪುಟದ ಅಂಚಿಗೆ ಮಾತ್ರ ಒತ್ತಿ, ಹಳೆಯ ಕಾಗದದ ಮೇಲೆ ಒತ್ತಬೇಡಿ.

ಅಲಂಕಾರಕ್ಕೆ ಹಳೆಯ ಲಗ್ನಪತ್ರಿಕೆಗಳೇ ಭಂಡಾರ. ಗಣಪತಿ, ಕಳಶ, ಬಂಗಾರದ ಅಂಚು, ಎಲ್ಲವೂ ಅಲ್ಲಿವೆ. ಆದರೆ ಮನೆಯ ಮದುವೆಯ ಪತ್ರಿಕೆಯನ್ನು ಕತ್ತರಿಸಬೇಡಿ. ಅದು ಸ್ವತಃ ದಾಖಲೆ. ಹರಿದ ಕುಪ್ಪಸದ ಅಂಚು, ಸೀರೆಯ ಜರಿ, ಬಳೆಚೂರು, ಚಮಕಿ ಏನಾದರೂ ಆದೀತು. ಗಟ್ಟಿ ವಸ್ತು ಫೋಟೋದ ಮುಖಕ್ಕೆ ಉಜ್ಜದಂತೆ ಎದುರು ಪುಟವನ್ನು ಖಾಲಿ ಬಿಡಿ.

ಅಂಟಿಸಬಾರದ ಕಾಗದಗಳೂ ಉಂಟು. ಪಟ್ಟಾದಾರು ಪಾಸ್‌ಪುಸ್ತಕ, ಕ್ರಯಪತ್ರ, ಅಂಕಪಟ್ಟಿ, ಜನನ ಮರಣ ಪತ್ರಗಳ ಅಸಲು ಎಂದೂ ಈ ಪುಸ್ತಕಕ್ಕೆ ಹೋಗಬಾರದು. ಅವುಗಳ ಜೆರಾಕ್ಸ್ ಹಚ್ಚಿ. ಪತ್ರಿಕೆಯ ತುಣುಕಿಗೂ ಜೆರಾಕ್ಸೇ ಸರಿ. ಸುದ್ದಿಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಅಂಶ ಉಳಿದಿರುವುದರಿಂದ ಗಾಳಿ ಬೆಳಕಿಗೆ ಹಳದಿಯಾಗಿ ಪುಡಿಯಾಗುತ್ತದೆ. ಬಸ್ಸಿನ ಯಂತ್ರದ ಟಿಕೇಟು, ಎ.ಟಿ.ಎಂ. ಚೀಟಿಗಳ ಬರಹ ಶಾಖದಿಂದ ಮೂಡಿದ್ದು. ಕೆಲವು ವರ್ಷದೊಳಗೆ ಬಿಳಿ ಹಾಳೆಯಾಗಿಬಿಡುತ್ತದೆ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬರಹ. ಕಿಟ್ಟಿನಲ್ಲಿ ಎಲ್ಲವೂ ಬರುತ್ತದೆ, ಇದೊಂದು ಬರುವುದಿಲ್ಲ. ಪ್ರತಿ ಪುಟದ ಕೆಳಗೆ ಯಾರು, ಯಾವ ಊರು, ಯಾವ ವರ್ಷ, ಏನು ಸಂದರ್ಭ ಎಂಬ ನಾಲ್ಕನ್ನು ಬರೆಯಿರಿ. ಬರೀ ಅಜ್ಜಿ ಎಂದರೆ ಸಾಲದು. ಇಂದಿನ ಅಜ್ಜಿ ಮುಂದೆ ಯಾರ ಅಜ್ಜಿಯೋ ತಿಳಿಯದು. ಅವರ ಹೆಸರು, ತವರೂರು, ಯಾರ ಮಗಳು ಎಂಬುದಿರಲಿ. ಪತ್ರವನ್ನು ಹಿರಿಯರ ಕೈಲಿ ಗಟ್ಟಿಯಾಗಿ ಓದಿಸಿ, ಮಕ್ಕಳು ಅದನ್ನು ಮೊದಲು ಕನ್ನಡದಲ್ಲಿ, ಅದರ ಕೆಳಗೆ ತೆಲುಗು ಲಿಪಿಯಲ್ಲಿ ಬರೆದುಕೊಳ್ಳಲಿ. ಎರಡು ಲಿಪಿಗಳು ಅಕ್ಕತಂಗಿಯರು. ಪಕ್ಕದಲ್ಲಿಟ್ಟು ನೋಡಿದರೆ ತೆಲುಗು ಬಲ್ಲ ಮಗು ಹತ್ತು ಪುಟ ಮುಗಿಯುವಷ್ಟರಲ್ಲಿ ಕನ್ನಡದ ಅಕ್ಷರ ಗುರುತಿಸತೊಡಗುತ್ತದೆ. ಅಜ್ಜಿ ಬರೆದ ಮಾತನ್ನು ತಿದ್ದಬೇಡಿ. ಮಳಿ ಎಂದಿದ್ದರೆ ಮಳಿಯೇ ಇರಲಿ, ಮಳೆ ಮಾಡಬೇಡಿ. ತೆಲುಗು ಬೆರೆತಿದ್ದರೆ ಬೆರೆತೇ ಇರಲಿ. ನಾವು ಮಾತಾಡುವುದೇ ಹಾಗೆ.

ಮುಗಿದ ಪುಸ್ತಕವನ್ನು ಒಣಗಿದ ಬೇವಿನೆಲೆಯೊಂದಿಗೆ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಡಿ. ಅಟ್ಟದ ಮೇಲೆ ಬೇಡ; ಹಂಚಿನ ಕಾವಿಗೂ ಸೋರುವ ನೀರಿಗೂ ಅಲ್ಲೇ ಹೆಚ್ಚು ಹಾನಿ. ವರ್ಷಕ್ಕೊಮ್ಮೆ, ದೀಪಾವಳಿಗೆ ನೆಂಟರು ಸೇರಿದಾಗ ಬಿಚ್ಚಿ ಉದ್ದಕ್ಕೆ ಹರಡಿ. ಗೊತ್ತಿಲ್ಲದ ಹೆಸರೊಂದನ್ನು ಬಳ್ಳಾರಿಯಿಂದಲೋ ಪಾವಗಡದಿಂದಲೋ ಬಂದ ಚಿಕ್ಕಮ್ಮ ಹೇಳಿಯಾರು. ಆಗ ಬರೆದುಕೊಳ್ಳಲು ಪ್ರತಿ ಪುಟದಲ್ಲೂ ಎರಡು ಗೆರೆ ಜಾಗ ಬಿಟ್ಟಿರಿ.

ಹನ್ನೆರಡು ಪುಟ ಒಂದೇ ದಿನ ಆಗಬೇಕಿಲ್ಲ. ಈ ಭಾನುವಾರ ಒಂದು ಫೋಟೋ ತೆಗೆಯಿರಿ, ಮನೆಯ ಹಿರಿಯರ ಪಕ್ಕದಲ್ಲಿ ಕೂತು ಎಡದಿಂದ ಬಲಕ್ಕೆ ಹೆಸರು ಕೇಳಿ, ಬರೆದುಕೊಳ್ಳಿ. ಅಂಟು, ಮೊಹರು, ಚಮಕಿ ಮುಂದಿನ ವಾರಕ್ಕಾದರೂ ಆಯಿತು.