ಡಿಂಡಿಮ, ಡಂಗುರ, ಟಾಂಟಾಂ

ವಿಜಯದಶಮಿಯ ದಿನ ಮೈಸೂರಿನ ಅರಮನೆಯ ಆವರಣದಲ್ಲಿ, ಚಿನ್ನದ ಅಂಬಾರಿಯಲ್ಲಿ ಬಿಜಯಂಗೈದ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ನಡೆಯುವ ಮುಹೂರ್ತದಲ್ಲಿ 21 ಕುಶಾಲುತೋಪುಗಳು ಹಾರಿದೊಡನೆ, ಬನ್ನಿಮಂಟಪದವರೆಗಿನ ರಾಜಬೀದಿಯಲ್ಲಿ ಕಾದು ನಿಂತ ಜನಸ್ತೋಮಕ್ಕೆ ಸವಾರಿ ಹೊರಟಿತೆಂದು ಯಾರೂ ಬಂದು ತಿಳಿಸಬೇಕಾದುದಿಲ್ಲ. ಆ ಸದ್ದೇ ತಿಳಿಸುತ್ತದೆ. ಮೆರವಣಿಗೆಯ ಮುಂದೆ ನಡೆವ ನಿಶಾನೆ ಆನೆ ಕಣ್ಣಿಗೆ ಸಂಕೇತವಾದರೆ, ಅದರ ಜೊತೆಯ ನೌಬತ್ತಿನ ಆನೆ ಕಿವಿಗೆ ಸಂಕೇತ. ಆದರೆ ಕುಶಾಲುತೋಪೆಂಬ ಹೆಸರು ಹೇಳುವುದು ಸಂಭ್ರಮವನ್ನು. ನೌಬತ್ತು ಎಂಬುದಾದರೋ ಸರದಿಯೆಂಬ ಅರ್ಥದ ಅರಬ್ಬೀ ಶಬ್ದದಿಂದ ಬಂದುದು. ಸದ್ದನ್ನೇ ಹೆಸರಾಗಿ ಧರಿಸಿದ ಪದಗಳ ವಂಶ ಇವೆರಡಕ್ಕಿಂತಲೂ ಬೇರೆಯಾದುದು, ಪ್ರಾಚೀನವಾದುದು. ಆ ವಂಶದ ಮೂರು ಪದಗಳನ್ನು ಇಲ್ಲಿ ವಿಚಾರಿಸಬಯಸುತ್ತೇನೆ.

ಮೊದಲನೆಯದು ಡಿಂಡಿಮ. ಅಮರಸಿಂಹನು ತನ್ನ ಕೋಶದಲ್ಲಿ ವಾದ್ಯಭೇದಗಳನ್ನು ಎಣಿಸುವಾಗ ಡಮರು, ಮಡ್ಡು, ಡಿಂಡಿಮ, ಝರ್ಝರಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಯಶಸ್ಸನ್ನು ಸಾರುವ ಪಟಹಕ್ಕೆ ಢಕ್ಕೆಯೆಂಬ ಹೆಸರನ್ನು ಕೊಡುತ್ತಾನೆ. ನಾಲಗೆಯ ತುದಿ ಮೇಲಕ್ಕೆ ಮಡಿದು ಅಂಗುಳಕ್ಕೆ ತಾಗಿ ಥಟ್ಟನೆ ಬಿಡುವ ಮೂರ್ಧನ್ಯವರ್ಣವೇ ಈ ಹೆಸರುಗಳಲ್ಲಿ ಮತ್ತೆ ಮತ್ತೆ ಮೊಳಗುವುದನ್ನು ಗಮನಿಸಬೇಕು. ಬಿಗಿದ ಚರ್ಮಕ್ಕೆ ಕೋಲು ತಾಗಿ ಹಿಂದೆಗೆಯುವ ಕ್ರಿಯೆಯನ್ನೇ ನಾಲಗೆ ಬಾಯೊಳಗೆ ನಡೆಸಿ, ಆ ಬಳಿಕದ ಅನುರಣನವನ್ನು ಅನುನಾಸಿಕದಲ್ಲಿ ಉಳಿಸಿಕೊಳ್ಳುತ್ತದೆ. ಕನ್ನಡನಾಡನ್ನು ಎಚ್ಚರಿಸುವ ಕರೆಯೊಂದನ್ನು ಮೈಸೂರಿನ ಕುವೆಂಪು ಅವರು ಕೊಡಬೇಕಾಗಿ ಬಂದಾಗ ಅವರ ಕವಿಕರ್ಣವು ಆರಿಸಿಕೊಂಡ ವಾದ್ಯ ಡಿಂಡಿಮವೇ ಆದುದು ಆಕಸ್ಮಿಕವೆಂದು ನಾನು ಭಾವಿಸಲಾರೆ.

ಸದ್ದು ಹೀಗೆ ಪದವಾಗಬಲ್ಲುದೇ ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ಎತ್ತಿದ್ದಾರೆ. ಕಾಕ ಎಂಬ ಹೆಸರು ಕಾಗೆಯ ಕೂಗಿನ ಅನುಕರಣವೆಂದೂ ಹಕ್ಕಿಗಳ ಹೆಸರುಗಳಲ್ಲಿ ಇದು ಹೇರಳವೆಂದೂ ನಿರುಕ್ತಕಾರನಾದ ಯಾಸ್ಕನು ಹೇಳಿ, ಅನುಕರಣವೆಂಬುದೇ ಇಲ್ಲ, ಓಡಿಸಲ್ಪಡಬೇಕಾದುದರಿಂದ ಅದಕ್ಕೆ ಆ ಹೆಸರು ಬಂತು ಎಂಬ ಔಪಮನ್ಯವನ ಪ್ರತಿವಾದವನ್ನೂ ಪ್ರಾಮಾಣಿಕವಾಗಿ ದಾಖಲಿಸುತ್ತಾನೆ. ಯುದ್ಧದ ಸಂಕೇತವಾದ್ಯವಾದ ದುಂದುಭಿಯ ವಿಷಯಕ್ಕೆ ಬಂದಾಗ ಆತನು ಕೊಡುವ ನಿರ್ವಚನಗಳು ಮೂರು: ಶಬ್ದದ ಅನುಕರಣವೆಂಬುದು ಮೊದಲನೆಯದು, ಸೀಳಿದ ಮರವೆಂಬುದು ಎರಡನೆಯದು, ಸದ್ದುಮಾಡುವ ಅರ್ಥದ ಧಾತುವಿನಿಂದ ಹುಟ್ಟಿತೆಂಬುದು ಮೂರನೆಯದು. ಪ್ರತಿಯೊಂದು ನಾಮವನ್ನೂ ಧಾತುವಿಗೆ ತಂದು ನಿಲ್ಲಿಸುವ ಶಾಸ್ತ್ರದ ಆಚಾರ್ಯನೇ ಅನುಕರಣಕ್ಕೆ ಮೊದಲ ಮಣೆ ಹಾಕಿದನೆಂಬುದು ಸಾಮಾನ್ಯ ಸಂಗತಿಯಲ್ಲ.

ಪಾಣಿನಿಯು ಇಂತಹವುಗಳಿಗೆ ಅವ್ಯಕ್ತಾನುಕರಣವೆಂಬ ಹೆಸರನ್ನಿಟ್ಟನು; ವರ್ಣಗಳು ಸ್ಫುಟವಾಗಿ ತೋರದ ಧ್ವನಿಯನ್ನು ವರ್ಣಗಳಲ್ಲಿ ಹಿಡಿಯುವ ಯತ್ನವೆಂಬುದು ಇದರ ಅಭಿಪ್ರಾಯ. ಕನ್ನಡ ವ್ಯಾಕರಣವು ಇವುಗಳನ್ನು ಅನುಕರಣಾವ್ಯಯಗಳೆಂದು ಕರೆಯುತ್ತದೆ. ದೇಸಿ ಶಬ್ದಗಳಲ್ಲಿ ಮಹಾಪ್ರಾಣವನ್ನು ಅಷ್ಟಾಗಿ ಸೇರಿಸದ ಕನ್ನಡವು, ಸದ್ದನ್ನು ಹಿಡಿಯಬೇಕಾದಲ್ಲಿ ಮಾತ್ರ ಢಣ್, ಧಗಧಗ, ಭೋರ್ ಎಂದು ಅದನ್ನು ಧಾರಾಳವಾಗಿ ಬರಮಾಡಿಕೊಳ್ಳುತ್ತದೆ. ಇದಕ್ಕಿಂತ ಮನೋಹರವಾದುದು ಇವು ವಾಕ್ಯದೊಳಗೆ ಸೇರುವ ಬಗೆ. ಗಂಟೆ ಢಣ್ ಎಂದಿತು ಎನ್ನುತ್ತೇವೆ; ಮನುಷ್ಯನ ಮಾತಿಗೆ ಬಳಸುವ 'ಎನ್ನು' ಧಾತುವನ್ನೇ ಕಂಚಿನ ನಾದಕ್ಕೂ ಬಳಸುತ್ತೇವೆ. ಥಟ್ಟನೆ, ಫಕ್ಕನೆ ಎಂಬಲ್ಲಿಯೂ ಅದೇ 'ಎನೆ' ಅಡಗಿದೆ. ಭಾರತದ ಆರ್ಯ ಮತ್ತು ದ್ರಾವಿಡ ಭಾಷೆಗಳೆರಡರಲ್ಲಿಯೂ ಈ ಅನುಕರಣಸಂಪತ್ತು ಸಮಾನವೆಂಬುದನ್ನು, ನಮ್ಮ ನೆರೆಯ ನೀಲಗಿರಿಯಲ್ಲಿ ತೋಡ, ಕೋತ ಭಾಷೆಗಳನ್ನು ಅಭ್ಯಸಿಸಿದ ಎಮಿನೋ ಎಂಬ ಪಂಡಿತರು 1969ರ ತಮ್ಮ ಪ್ರಬಂಧವೊಂದರಲ್ಲಿ ವಿವರಿಸಿದ್ದಾರೆ.

ಇನ್ನು ಡಂಗುರ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ತಳವಾರನೋ ತೋಟಿಯೋ ಕೇರಿಯ ತಿರುವಿನಲ್ಲಿ ನಿಂತು ತಮಟೆಯನ್ನು ನಾಲ್ಕು ಸಲ ಬಡಿದು, ಬಾಗಿಲುಗಳು ತೆರೆದ ಮೇಲೆ, ಕಂದಾಯದ ಗಡುವನ್ನೋ ಜಾತ್ರೆಯ ದಿನವನ್ನೋ ಸಾರುತ್ತಿದ್ದನು. ಇಲ್ಲಿ ವಾರ್ತೆ ಇದ್ದುದು ಅವನ ಕಂಠದಲ್ಲಿ. ತಮಟೆಯಲ್ಲಿ ಇದ್ದುದು 'ಕೇಳಿರಿ' ಎಂಬ ಒಂದೇ ಅರ್ಥ. ಆ ಒಂದು ಅರ್ಥದ ಬಲದಿಂದಲೇ ಡಂಗುರವೆಂಬ ಪದವು ವಾದ್ಯವನ್ನು ದಾಟಿ ಘೋಷಣೆಯನ್ನು ಸೇರಿತು. ಪಾಂಡುರಂಗನ ಪಾರಮ್ಯವನ್ನು ಲೋಕಕ್ಕೆ ಡಂಗುರ ಸಾರಿರೆಂದು ಪುರಂದರದಾಸರು ಭಕ್ತರನ್ನು ಕರೆದಾಗ ಅವರ ಮನಸ್ಸಿನಲ್ಲಿದ್ದುದು ಚರ್ಮದ ವಾದ್ಯಕ್ಕಿಂತ ಹೆಚ್ಚಾಗಿ ಆ ಸಾರುವಿಕೆ. ಮನೆಯ ಗುಟ್ಟನ್ನು ಊರಿಗೆಲ್ಲ ಡಂಗುರ ಹೊಡೆಸಿದನೆಂದು ಇಂದು ಆಡುವವರ ಕೈಯಲ್ಲಿ ಯಾವ ವಾದ್ಯವೂ ಇಲ್ಲ.

ಟಾಂಟಾಂ ಎಂಬುದರ ಯಾತ್ರೆ ಇನ್ನೂ ದೀರ್ಘವಾದುದು. ಭಾರತದ ಆಡುನುಡಿಗಳ ಈ ಅನುಕರಣವನ್ನು ಆಂಗ್ಲರು ಹದಿನೇಳನೆಯ ಶತಮಾನದ ಕೊನೆಯಲ್ಲಿಯೇ ಎತ್ತಿಕೊಂಡು, ಮುಂದೆ ಎಲ್ಲೆಲ್ಲಿಯೋ ಕಂಡ ಕೈಮದ್ದಳೆಗಳಿಗೆಲ್ಲ ಅದೇ ಹೆಸರನ್ನು ಹಚ್ಚಿದರು. ಅವರೇ 1908ರಲ್ಲಿ ರಚಿಸಿದ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶದ 54ನೆಯ ನಿಯಮವು, ಸ್ಥಿರಾಸ್ತಿಯ ಜಪ್ತಿಯನ್ನು ಅದರ ಸ್ಥಳದಲ್ಲಿಯೋ ಸಮೀಪದಲ್ಲಿಯೋ ವಾದ್ಯ ಬಡಿಸಿ ಅಥವಾ ರೂಢಿಯ ಬೇರೆ ಕ್ರಮದಿಂದ ಘೋಷಿಸಬೇಕೆಂದು ವಿಧಿಸಿತು. ಓದುಬಲ್ಲವನಿಗೆ ಕಾಗದ ಸಾಕು. ಓದಲಾರದ ನೆರೆಯವನಿಗೂ ಋಣದ ವಿಷಯ ತಿಳಿಯಬೇಕಾದರೆ ಸದ್ದೇ ಬೇಕೆಂಬ ಲೋಕಜ್ಞಾನ ಅದರಲ್ಲಿದೆ.

ಸದ್ದಿನಿಂದ ಹೊರಟ ಪದವು ಅಳತೆಯನ್ನೂ ಮುಟ್ಟಬಲ್ಲುದು. ಗಂಟೆಯೆಂಬುದು ನಮಗೆ ಲೋಹದ ವಸ್ತುವೂ ಹೌದು, 60 ನಿಮಿಷಗಳ ಕಾಲಪ್ರಮಾಣವೂ ಹೌದು. ಗಡಿಯಾರಕ್ಕೆ ಆಂಗ್ಲರು ಹೇಳುವ ಕ್ಲಾಕ್ ಎಂಬ ಪದವೂ ಗಂಟೆಯೆಂಬರ್ಥದ ಲ್ಯಾಟಿನ್ ಶಬ್ದದಿಂದಲೇ ಬಂದುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸ್ಮರಣೆಗಾಗಿ ಅರಮನೆಯ ನೌಕರರು 1927ರಲ್ಲಿ ಕಟ್ಟಿಸಿದ, ಕನ್ನಡ ಅಂಕಿಗಳ ದೊಡ್ಡ ಗಡಿಯಾರದ ಕೆಳಗೆ ನಿಂತು 'ಗಂಟೆ ಎಷ್ಟು' ಎಂದು ಕೇಳುವವನು, ತಾನು ಕೇಳುತ್ತಿರುವುದು ನಾದದ ಎಣಿಕೆಯನ್ನೆಂದು ಅರಿಯದೆಯೇ ಕೇಳುತ್ತಾನೆ. ಕೂಗಿನಿಂದ ದೂರವನ್ನಳೆದು ಕೂಗಳತೆಯೆಂಬ ಮಾತನ್ನು ಕಟ್ಟಿದವರೂ ಕನ್ನಡಿಗರೇ.

ಆದುದರಿಂದ ಅನುಕರಣಪದವನ್ನು ಭಾಷೆಯ ಬಾಲ್ಯಚೇಷ್ಟೆಯೆಂದು ಬದಿಗೆ ಸರಿಸುವುದು ಸಲ್ಲದು. ಸದ್ದು ಪ್ರಕೃತಿಯದು, ಅದು ಕೇಳಿದಾಗ ಕೆಲಸ ನಿಲ್ಲಿಸಿ ಕಿವಿಗೊಡಬೇಕೆಂಬ ಒಡಂಬಡಿಕೆ ಸಮಾಜದ್ದು, ಈ ಎರಡರ ಸಂಗಮದಲ್ಲಿ ಸಂಕೇತಪದ ಹುಟ್ಟುತ್ತದೆ. ಅಮರನೂ ಯಾಸ್ಕನೂ ಇಂತಹ ಪದಗಳಿಗೆ ಶಾಸ್ತ್ರದಲ್ಲಿ ಸ್ಥಾನ ಕಲ್ಪಿಸಿದರು. ಆದರೆ ಬಿಸಿಲಲ್ಲಿ ತಮಟೆ ಕಾಯಿಸಿ ಊರ ಸುದ್ದಿಯನ್ನು ಊರಿಗೆ ಮುಟ್ಟಿಸುತ್ತಿದ್ದವರನ್ನು, ಬಹುಮಟ್ಟಿಗೆ ದಲಿತರೇ ಆಗಿದ್ದವರನ್ನು, ಅದೇ ಊರು ತನ್ನ ಬಾಗಿಲಿನಿಂದ ದೂರ ನಿಲ್ಲಿಸಿತು. ಡಂಗುರವೆಂಬ ಪದಕ್ಕೆ ಅರ್ಥ ತುಂಬಿದವರು ಅವರು. ಪ್ರತಿಯೊಂದು ಊರಿನಲ್ಲಿಯೂ ಮದುವೆಗೊಂದು, ಮರಣಕ್ಕೊಂದು, ಬೆಂಕಿಗೊಂದು ಎಂದು ಬೇರ್ಪಡಿಸಿ ಬಡಿಯುತ್ತಿದ್ದ ಪೆಟ್ಟುಗಳ ಹೆಸರುಗಳನ್ನು ಬಲ್ಲ ವೃದ್ಧರು ಇರುವಾಗಲೇ ಅವರ ಬಾಯಿಂದ ಅವನ್ನು ಕೇಳಿ ಬರೆದಿಟ್ಟುಕೊಳ್ಳುವುದು, ಕನ್ನಡದ ಕೋಶಕಾರರೂ ವಿಶ್ವವಿದ್ಯಾನಿಲಯಗಳೂ ಸಲ್ಲಿಸಬೇಕಾದ ಋಣ.