ಹೆಸರು ಬದಲಿಸುವ ಮುನ್ನ: ಫುಟ್‌ಬಾಲ್ ಕ್ಲಬ್‌ಗಳ ಅನುಭವದಿಂದ ವರ್ತಕರು ಕಲಿಯಬೇಕಾದದ್ದು

ವ್ಯಾಪಾರ ಸಂಸ್ಥೆಯೊಂದಕ್ಕೆ ಹೊರಗಿನ ಬಂಡವಾಳ ಬರುವಾಗ ಹಣದ ಜೊತೆಗೆ ಸಲಹೆಗಳೂ ಬರುತ್ತವೆ. ಹಳೆಯ ಹೆಸರು ಹೊರದೇಶದವರ ನಾಲಿಗೆಗೆ ಒಗ್ಗುವುದಿಲ್ಲ, ಚಿಹ್ನೆ ಅಜ್ಜನ ಕಾಲದ್ದು, ಬಣ್ಣ ಕಣ್ಣಿಗೆ ಹಿಡಿಸುವುದಿಲ್ಲ, ಆದುದರಿಂದ ಇವೆಲ್ಲವನ್ನೂ ಬದಲಿಸಬೇಕು ಎಂಬುದು ಅವುಗಳಲ್ಲಿ ಮುಖ್ಯವಾದುದು. 2023ರ ಸೆಪ್ಟೆಂಬರ್ ತಿಂಗಳಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಬಳಿಕ ಬೇಲೂರಿನ ಹೋಟೆಲ್ ಮಾಲೀಕರಾಗಲಿ, ಹಳೇಬೀಡಿನ ಕಲ್ಲಿನ ಕೆತ್ತನೆಯ ಕುಶಲಕರ್ಮಿಗಳಾಗಲಿ, ಅರಸೀಕೆರೆಯ ಕೊಬ್ಬರಿ ಮತ್ತು ತೆಂಗಿನೆಣ್ಣೆಯ ವರ್ತಕರಾಗಲಿ ಈ ಪ್ರಶ್ನೆಯನ್ನು ತಮ್ಮಲ್ಲೇ ಕೇಳಿಕೊಳ್ಳುವುದು ಸಹಜ. ದೂರದ ಗ್ರಾಹಕನಿಗಾಗಿ, ಹೊಸ ಹೂಡಿಕೆದಾರನಿಗಾಗಿ ಹಳೆಯ ಹೆಸರನ್ನು ಕೈಬಿಡುವುದು ಲಾಭದಾಯಕವೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ಫುಟ್‌ಬಾಲ್ ಕ್ಲಬ್‌ಗಳ ಇತಿಹಾಸ ಬಹಳ ಉಪಯುಕ್ತ. ಕ್ಲಬ್ ಎಂಬುದು ಇಂದು ಷೇರುದಾರರು, ಸಾಲ, ಲಾಭ-ನಷ್ಟಗಳುಳ್ಳ ಒಂದು ಕಂಪನಿ. ಅದರ ಗ್ರಾಹಕ, ಅಂದರೆ ಅಭಿಮಾನಿ, ತನಗೆ ಇಷ್ಟವಾಗದಿದ್ದರೆ ಬೀದಿಗಿಳಿದು ಕೂಗುತ್ತಾನೆ. ಅಂಗಡಿಯ ಗ್ರಾಹಕ ಕೂಗುವುದಿಲ್ಲ. ಸದ್ದಿಲ್ಲದೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ವರ್ತಕನಿಗೆ ಕಾಣದೆ ನಡೆಯುವ ಸಂಗತಿ ಕ್ಲಬ್‌ಗಳಲ್ಲಿ ಎಲ್ಲರ ಕಣ್ಣೆದುರು ನಡೆದಿದೆ.

ಕಾರ್ಡಿಫ್: ನೀಲಿ ಹೋಗಿ ಕೆಂಪು ಬಂದ ಕಥೆ

ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನ ಕ್ಲಬ್ 1899ರಲ್ಲಿ ಸ್ಥಾಪನೆಯಾಯಿತು. ಸುಮಾರು ನೂರು ವರ್ಷಗಳ ಕಾಲ ಅದರ ಆಟಗಾರರು ನೀಲಿ ಅಂಗಿ ತೊಟ್ಟು ಆಡಿದರು. ಚಿಹ್ನೆಯಲ್ಲಿ ನೀಲಿಹಕ್ಕಿಯಿತ್ತು, ಅಭಿಮಾನಿಗಳು ತಂಡವನ್ನು ಕರೆಯುತ್ತಿದ್ದುದೂ ಅದೇ ಹೆಸರಿನಿಂದ. 2010ರಲ್ಲಿ ಸಾಲದ ಹೊರೆಯಲ್ಲಿದ್ದ ಕ್ಲಬ್‌ಗೆ ಮಲೇಷ್ಯಾದ ಹೂಡಿಕೆದಾರರು ಬಂದರು. ಅವರಲ್ಲಿ ಪ್ರಮುಖರು ಉದ್ಯಮಿ ವಿನ್ಸೆಂಟ್ ಟಾನ್. ಏಷ್ಯಾದ ಮಾರುಕಟ್ಟೆಯಲ್ಲಿ ಕೆಂಪು ಬಣ್ಣ ಶುಭಸೂಚಕ, ಡ್ರ್ಯಾಗನ್ ಎಲ್ಲರೂ ಗುರುತಿಸುವ ಚಿಹ್ನೆ ಎಂಬುದು ಅವರ ವ್ಯಾಪಾರ ಲೆಕ್ಕಾಚಾರವಾಗಿತ್ತು. 2012ರ ಮೇ ತಿಂಗಳಲ್ಲಿ ಈ ಯೋಜನೆಯ ಸುದ್ದಿ ಹೊರಬಿದ್ದಾಗ ವಿರೋಧ ಎದ್ದಿತು. ಯೋಜನೆಯನ್ನು ಕೈಬಿಡಲಾಗಿದೆ ಎಂದು ಹೇಳಲಾಯಿತು. ಆದರೆ ಜೂನ್ ತಿಂಗಳಲ್ಲಿ, ದೊಡ್ಡ ಮೊತ್ತದ ಹೂಡಿಕೆಯ ಭರವಸೆಯೊಂದಿಗೆ ಅದೇ ಯೋಜನೆ ಜಾರಿಗೆ ಬಂದಿತು. ಅಂಗಿ ಕೆಂಪಾಯಿತು. ಚಿಹ್ನೆಯ ನಡುವೆ ಡ್ರ್ಯಾಗನ್ ಕುಳಿತು, ನೀಲಿಹಕ್ಕಿ ಕೆಳಗಡೆ ಚಿಕ್ಕದಾಗಿ ಉಳಿಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಆಟದ ದೃಷ್ಟಿಯಿಂದ ಈ ಪ್ರಯೋಗ ಮೊದಲ ವರ್ಷವೇ ಸೋಲಲಿಲ್ಲ. 2012-13ರಲ್ಲಿ ಕಾರ್ಡಿಫ್ ತಂಡ ಎರಡನೇ ಶ್ರೇಣಿಯ ಲೀಗ್ ಗೆದ್ದು ಮೊದಲ ಬಾರಿಗೆ ಪ್ರೀಮಿಯರ್ ಲೀಗ್‌ಗೆ ಏರಿತು. ಆದರೂ ಅಭಿಮಾನಿಗಳ ಅಸಮಾಧಾನ ಆರಲಿಲ್ಲ. ಮರುವರ್ಷ ತಂಡ ಕೊನೆಯ ಸ್ಥಾನಕ್ಕಿಳಿದು ಮತ್ತೆ ಕೆಳಗಿನ ಶ್ರೇಣಿಗೆ ಹೋಯಿತು. ಗೆಲುವಿನ ಸಂಭ್ರಮದಲ್ಲಿ ಮರೆಯಲ್ಲಿದ್ದ ಬಿರುಕು ಸೋಲಿನಲ್ಲಿ ಬಯಲಾಯಿತು. ಕ್ರೀಡಾಂಗಣದಲ್ಲಿ ಆಸನಗಳು ಖಾಲಿ ಬೀಳತೊಡಗಿದವು. 2015ರ ಜನವರಿಯಲ್ಲಿ ನೀಲಿ ಬಣ್ಣ ಮರಳಿ ಬಂದಿತು. ಒಗ್ಗಟ್ಟು ಮತ್ತು ಸಂತೋಷದ ಮಹತ್ವವನ್ನು ಕುರಿತು ತಮ್ಮ ತಾಯಿ ಹೇಳಿದ ಮಾತು ಈ ನಿರ್ಧಾರಕ್ಕೆ ಪ್ರೇರಣೆಯಾಯಿತೆಂದು ಟಾನ್ ಅವರೇ ತಿಳಿಸಿದರು. ಎರಡೂವರೆ ವರ್ಷಗಳ ಬಳಿಕ ಕ್ಲಬ್ ಹೊರಟ ಸ್ಥಳಕ್ಕೇ ಹಿಂದಿರುಗಿತು.

ಹಲ್ ಮತ್ತು ಕೋಲ್ಕತ್ತ

ಇಂಗ್ಲೆಂಡಿನ ಹಲ್ ಸಿಟಿ ಕ್ಲಬ್‌ನಲ್ಲಿಯೂ ಇದೇ ಬಗೆಯ ಪ್ರಯತ್ನ ನಡೆಯಿತು. 1904ರಲ್ಲಿ ಸ್ಥಾಪನೆಯಾದ ಈ ಕ್ಲಬ್‌ನ ಮಾಲೀಕ, ಈಜಿಪ್ಟ್ ಮೂಲದ ಉದ್ಯಮಿ ಅಸ್ಸೆಮ್ ಅಲ್ಲಾಮ್, ತಂಡದ ಅಡ್ಡಹೆಸರಾದ ಹುಲಿಯನ್ನೇ ಮುಂದಿಟ್ಟು 'ಹಲ್ ಟೈಗರ್ಸ್' ಎಂದು ಹೆಸರಿಸಿದರೆ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಲೆ ಬರುತ್ತದೆಂದು 2013ರಲ್ಲಿ ವಾದಿಸಿದರು. ಅಭಿಮಾನಿಗಳು ಸಂಘಟಿತರಾಗಿ ವಿರೋಧಿಸಿದರು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು 2014ರ ಏಪ್ರಿಲ್‌ನಲ್ಲಿ, ಮತ್ತೊಮ್ಮೆ 2015ರ ಜುಲೈನಲ್ಲಿ ಅರ್ಜಿಯನ್ನು ತಿರಸ್ಕರಿಸಿತು. ಷೇರುಗಳೆಲ್ಲ ಮಾಲೀಕನ ಕೈಯಲ್ಲಿದ್ದರೂ ಹೆಸರಿನ ಮೇಲೆ ಅವನಿಗೆ ಪೂರ್ಣ ಅಧಿಕಾರ ಸಿಗಲಿಲ್ಲ.

ನಮ್ಮ ದೇಶದಲ್ಲಿ ಮೋಹನ್ ಬಗಾನ್ ಕ್ಲಬ್‌ನ ನಿದರ್ಶನವಿದೆ. 1889ರಲ್ಲಿ ಹುಟ್ಟಿ, 1911ರಲ್ಲಿ ಬ್ರಿಟಿಷ್ ಸೈನಿಕ ತಂಡವನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದ ಕ್ಲಬ್ ಇದು. 2020ರಲ್ಲಿ ಆರ್‌ಪಿ-ಸಂಜೀವ್ ಗೋಯೆಂಕಾ ಸಮೂಹದ ಬಹುಪಾಲು ಒಡೆತನದಲ್ಲಿ 'ಎಟಿಕೆ ಮೋಹನ್ ಬಗಾನ್' ಎಂಬ ಹೆಸರಿನಿಂದ ಅದು ಆಡತೊಡಗಿತು. ಎಟಿಕೆ ಎಂಬ ಮೂರಕ್ಷರದ ಮೂಲ ಸ್ಪೇನ್ ದೇಶದ ಅಟ್ಲೆಟಿಕೊ ಮ್ಯಾಡ್ರಿಡ್ ಕ್ಲಬ್‌ನೊಂದಿಗೆ ಹಿಂದೆ ಇದ್ದ ಪಾಲುದಾರಿಕೆಯಲ್ಲಿತ್ತು. ಆ ಅಕ್ಷರಗಳನ್ನು ತೆಗೆಯಬೇಕೆಂದು ಅಭಿಮಾನಿಗಳು ಮೂರು ವರ್ಷ ಪಟ್ಟು ಹಿಡಿದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ಬೆಂಗಳೂರು ಎಫ್‌ಸಿ ತಂಡವನ್ನು ಸೋಲಿಸಿ ತಂಡ ಚಾಂಪಿಯನ್ ಆದ ರಾತ್ರಿಯೇ ಎಟಿಕೆ ಎಂಬುದನ್ನು ಕೈಬಿಡುವ ಘೋಷಣೆ ಹೊರಬಿದ್ದಿತು.

ಬೆಂಗಳೂರಿನ ಎರಡು ನಿದರ್ಶನಗಳು

ಕರ್ನಾಟಕದಲ್ಲಿ ಗಾಳಿ ಬೀಸಿದ್ದು ವಿರುದ್ಧ ದಿಕ್ಕಿನಲ್ಲಿ. ಜೆಎಸ್‌ಡಬ್ಲ್ಯು ಸಮೂಹವು 2013ರ ಜುಲೈನಲ್ಲಿ ತನ್ನ ಫುಟ್‌ಬಾಲ್ ಕ್ಲಬ್‌ಗೆ ಹೆಸರಿಟ್ಟಾಗ ರಾಜಧಾನಿಯ ಹೆಸರು ಇಂಗ್ಲಿಷ್ ದಾಖಲೆಗಳಲ್ಲಿ ಇನ್ನೂ 'ಬ್ಯಾಂಗಲೋರ್' ಎಂದೇ ಇತ್ತು. ಅಧಿಕೃತ ಬದಲಾವಣೆ ಬಂದದ್ದು 2014ರ ನವೆಂಬರ್ 1ರಂದು. ಆದರೂ ಕ್ಲಬ್ ಮೊದಲ ದಿನದಿಂದಲೇ 'ಬೆಂಗಳೂರು' ಎಂಬ ಕನ್ನಡದ ರೂಪವನ್ನೇ ಆರಿಸಿಕೊಂಡಿತು. ತರಬೇತುದಾರ ಇಂಗ್ಲೆಂಡಿನವರು, ಆಟಗಾರರಲ್ಲಿ ಹಲವರು ಹೊರದೇಶದವರು. ಹೆಸರು ಮಾತ್ರ ಊರಿನದು. ಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿ ಗೆದ್ದ ಕ್ಲಬ್, 2019ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್‌ನೊಂದಿಗೆ ಸಹಕಾರ ಒಪ್ಪಂದ ಮಾಡಿಕೊಂಡಾಗಲೂ ಹೆಸರನ್ನಾಗಲಿ ಬಣ್ಣವನ್ನಾಗಲಿ ಬಿಟ್ಟುಕೊಡಲಿಲ್ಲ.

ಎರಡನೆಯದು ಕ್ರಿಕೆಟ್‌ನ ನಿದರ್ಶನವಾದರೂ ವಿಷಯಕ್ಕೆ ಸಮೀಪವಾದುದು. 2008ರಲ್ಲಿ ವಿಜಯ್ ಮಲ್ಯ ಅವರ ಯುಬಿ ಸಮೂಹ 11.16 ಕೋಟಿ ಡಾಲರ್‌ಗೆ ಪಡೆದ ಐಪಿಎಲ್ ತಂಡಕ್ಕೆ ಸಮೂಹದ ವಿಸ್ಕಿಯೊಂದನ್ನು ನೆನಪಿಸುವಂತೆ 'ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್' ಎಂದು ಹೆಸರಿಡಲಾಯಿತು. ಕಾಲಾನಂತರದಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯ ನಿಯಂತ್ರಣ ಲಂಡನ್ನಿನ ಡಿಯಾಜಿಯೊ ಸಂಸ್ಥೆಗೆ ಹೋಯಿತು. ತಂಡವೂ ಅದರೊಂದಿಗೆ ಹೋಯಿತು. ಲಂಡನ್ನಿನ ಒಡೆಯರ ಕಾಲದಲ್ಲಿಯೇ, 2024ರ ಮಾರ್ಚ್ 19ರಂದು, 'ಬ್ಯಾಂಗಲೋರ್' ಹೋಗಿ 'ಬೆಂಗಳೂರು' ಬಂದಿತು. ಅದಕ್ಕೆ ಎರಡು ದಿನ ಮೊದಲಷ್ಟೇ ಮಹಿಳಾ ತಂಡ ಪ್ರಶಸ್ತಿ ಗೆದ್ದಿತ್ತು. ತಂಡದ ಬೆಲೆ ನಿಂತಿರುವುದು ಯಾರ ಪ್ರೀತಿಯ ಮೇಲೆ ಎಂಬುದನ್ನು ವಿದೇಶಿ ಹೂಡಿಕೆದಾರ ಇಲ್ಲಿ ಸರಿಯಾಗಿಯೇ ಗುರುತಿಸಿದನೆನ್ನಬಹುದು. 'ಆರ್‌ಸಿಬಿ' ಎಂಬ ಮೂರಕ್ಷರ ಮತ್ತು ಕೆಂಪು ಬಣ್ಣ ಹಾಗೆಯೇ ಉಳಿದವೆಂಬುದನ್ನೂ ಮರೆಯುವಂತಿಲ್ಲ.

ಲೆಕ್ಕದ ಪುಸ್ತಕದಲ್ಲಿ ಕಾಣದ ನಷ್ಟ

ಇಂತಹ ತಪ್ಪುಗಳು ಅನುಭವಿ ಉದ್ಯಮಿಗಳಿಂದಲೂ ಆಗುವುದೇಕೆ? ಕಾರಣದ ಒಂದು ಭಾಗ ಲೆಕ್ಕಪತ್ರದ ನಿಯಮಗಳಲ್ಲಿಯೇ ಇದೆ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಸ್ಥೆಯು ತಾನೇ ಬೆಳೆಸಿಕೊಂಡ ಬ್ರ್ಯಾಂಡ್ ಮತ್ತು ಗುಡ್‌ವಿಲ್ ಅನ್ನು, ಅರ್ಥಾತ್ ಕೀರ್ತಿಮೌಲ್ಯವನ್ನು, ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ಹಣ ಕೊಟ್ಟು ಕೊಂಡ ಬ್ರ್ಯಾಂಡ್ ಮಾತ್ರ ಅಗೋಚರ ಆಸ್ತಿಯಾಗಿ ಅಲ್ಲಿ ಕಾಣಿಸಿಕೊಳ್ಳುತ್ತದೆ. ಮೂರು ತಲೆಮಾರಿನಿಂದ ನಡೆದು ಬಂದ ಮಂಡಿಯ ಹೆಸರಿಗೆ ಪುಸ್ತಕದಲ್ಲಿರುವ ಬೆಲೆ ಸೊನ್ನೆ. ಪುಸ್ತಕದಲ್ಲಿಲ್ಲದ ಆಸ್ತಿ ಹಾಳಾದರೆ ಆ ನಷ್ಟವೂ ಪುಸ್ತಕಕ್ಕೆ ಬರುವುದಿಲ್ಲ. ಹೊಸ ಫಲಕ, ಹೊಸ ಚೀಲ, ಜಾಹೀರಾತಿನ ವೆಚ್ಚವಷ್ಟೇ ಆ ವರ್ಷದ ಲಾಭ-ನಷ್ಟದ ಖಾತೆಗೆ ಖರ್ಚಾಗಿ ಬೀಳುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಅರಸೀಕೆರೆಯ ತೆಂಗಿನೆಣ್ಣೆ ಗಿರಣಿಯೊಂದರ ವಾರ್ಷಿಕ ಮಾರಾಟ 80 ಲಕ್ಷ ರೂ., ಒಟ್ಟು ಲಾಭ ಶೇ. 15 ಎಂದು ಇಟ್ಟುಕೊಳ್ಳೋಣ. ಹೆಸರು, ಡಬ್ಬ, ಫಲಕಗಳ ಬದಲಾವಣೆಗೆ 3 ಲಕ್ಷ ರೂ. ವೆಚ್ಚವಾಯಿತು. ಡಬ್ಬದ ಮೇಲಿನ ಪರಿಚಿತ ಚಿತ್ರ ಕಾಣದೆ ಹಳೆಯ ಮಾರಾಟದಲ್ಲಿ ಶೇ. 20 ಕಡಿಮೆಯಾಯಿತು. ಹಾಗಾದರೆ 16 ಲಕ್ಷ ರೂ. ಮಾರಾಟ, ಅದರಿಂದ ಬರುತ್ತಿದ್ದ 2.40 ಲಕ್ಷ ರೂ. ಲಾಭ ಹೋದಂತೆ. ಮಾಡಿದ 3 ಲಕ್ಷ ರೂ. ವೆಚ್ಚವನ್ನು ಹಿಂಪಡೆಯಲು ಶೇ. 15ರ ಲಾಭದಲ್ಲಿ ಮತ್ತೆ 20 ಲಕ್ಷ ರೂ. ಮಾರಾಟ ಬೇಕು. ಒಟ್ಟು 36 ಲಕ್ಷ ರೂ. ಹೊಸ ಮಾರಾಟವಾದರೆ ಮಾತ್ರ ಮೊದಲ ವರ್ಷದಲ್ಲಿ ಗಿರಣಿ ಇದ್ದಲ್ಲಿಯೇ ಇರುತ್ತದೆ. ಹೊಸ ಹೂಡಿಕೆದಾರನ ಯೋಜನಾ ವರದಿಯಲ್ಲಿ ಹೊಸ ಗ್ರಾಹಕರ ಅಂದಾಜು ಇರುತ್ತದೆ. ಬಿಟ್ಟುಹೋಗುವವರ ಅಂದಾಜು ಇದೆಯೇ ಎಂಬುದನ್ನು ಸಹಿ ಮಾಡುವ ಮೊದಲೇ ನೋಡಬೇಕು.

ಕಾನೂನಿನ ಹಂತಗಳು

ಎಲ್ಲವನ್ನೂ ತೂಗಿ ನೋಡಿ ಬದಲಾವಣೆ ಅವಶ್ಯವೆಂದು ಕಂಡುಬಂದಲ್ಲಿ ಈ ಕೆಳಗಿನ ಅಂಶಗಳು ಗಮನದಲ್ಲಿರಬೇಕು.

1. ಕಂಪನಿಯಾಗಿದ್ದಲ್ಲಿ 2013ರ ಕಂಪನಿ ಕಾಯ್ದೆಯ ಸೆಕ್ಷನ್ 13ರ ಅನ್ವಯ ವಿಶೇಷ ನಿರ್ಣಯ ಮತ್ತು ಸರ್ಕಾರದ ಅನುಮೋದನೆ ಬೇಕು. ಸೆಕ್ಷನ್ 12ರಂತೆ ಎರಡು ವರ್ಷಗಳ ಕಾಲ ಹೊಸ ಹೆಸರಿನ ಜೊತೆ ಹಳೆಯ ಹೆಸರನ್ನೂ ಫಲಕ ಮತ್ತು ಪತ್ರಗಳಲ್ಲಿ ತೋರಿಸಬೇಕು. ಇದನ್ನು ಕಿರುಕುಳವೆಂದು ಭಾವಿಸದೆ ಹಳೆಯ ಗ್ರಾಹಕರನ್ನು ಕೈಹಿಡಿದು ಕರೆದೊಯ್ಯುವ ಅವಕಾಶವೆಂದು ತಿಳಿಯುವುದು ಲೇಸು.

2. ನೋಂದಾಯಿತ ಪಾಲುದಾರಿಕೆ ಸಂಸ್ಥೆಯಾಗಿದ್ದಲ್ಲಿ 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 60ರಂತೆ ಸಂಸ್ಥೆಗಳ ರಿಜಿಸ್ಟ್ರಾರ್ ಅವರಿಗೆ ತಿಳಿಸಬೇಕು.

3. ಜಿಎಸ್‌ಟಿ ನೋಂದಣಿಯಲ್ಲಿನ ಹೆಸರಿನ ತಿದ್ದುಪಡಿಗೆ ಬದಲಾವಣೆಯಾದ 15 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಬ್ಯಾಂಕ್ ಖಾತೆ, ಪ್ಯಾನ್, ಆಹಾರ ಪರವಾನಗಿ, ರಫ್ತು ಸಂಕೇತ, ಪೊಟ್ಟಣದ ಮೇಲಿನ ತಯಾರಕರ ಹೆಸರು ಇವೆಲ್ಲವೂ ಒಂದಕ್ಕೊಂದು ಹೊಂದಿಕೆಯಾಗಬೇಕು.

4. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ನೋಂದಾಯಿತ ಚಿಹ್ನೆಯ ಗುರುತು ಮೂಲತಃ ಬದಲಾಗದಂತಹ ಸಣ್ಣ ತಿದ್ದುಪಡಿಗಷ್ಟೇ ಅವಕಾಶವಿದೆ. ಹೆಚ್ಚಿನ ಬದಲಾವಣೆಗೆ ಹೊಸ ಅರ್ಜಿಯೇ ಬೇಕು. ಬಳಸದೆ ಐದು ವರ್ಷಕ್ಕೂ ಮಿಗಿಲಾಗಿ ಬಿಟ್ಟ ಚಿಹ್ನೆಯನ್ನು ನೋಂದಣಿಯಿಂದ ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು. ಹಳೆಯ ಹೆಸರನ್ನು ಕೈಬಿಟ್ಟವನು ಅದನ್ನು ಪ್ರತಿಸ್ಪರ್ಧಿಯ ಡಬ್ಬದ ಮೇಲೆ ಕಾಣುವ ಪ್ರಸಂಗ ಬರಬಾರದು.

5. 'ಬೇಲೂರು', 'ಹಳೇಬೀಡು' ಎಂಬಂತಹ ಸ್ಥಳನಾಮವಷ್ಟೇ ಇರುವ ಚಿಹ್ನೆಗೆ ಇದೇ ಕಾಯ್ದೆಯ ಸೆಕ್ಷನ್ 9ರ ಅಡಿ ಆಕ್ಷೇಪಣೆ ಬರಬಹುದು. ಪ್ರವಾಸಿಗರು ಗುರುತಿಸುತ್ತಾರೆಂದು ಎಲ್ಲರೂ 'ಹೊಯ್ಸಳ' ಎಂದೇ ಹೆಸರಿಟ್ಟರೆ ಒಬ್ಬರ ಅಂಗಡಿ ಇನ್ನೊಬ್ಬರದರಿಂದ ಬೇರೆಯಾಗಿ ತೋರುವುದಿಲ್ಲ.

6. ವಾಣಿಜ್ಯ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಕಾಯ್ದೆ ವಿಧಿಸಿದೆ. ಹೊಸ ಹೆಸರು ಕನ್ನಡದಲ್ಲಿ ಬರೆದಾಗಲೂ ಓದಲು ಸುಲಭವಾಗಿರಬೇಕು.

ಬದಲಿಸಬಹುದಾದದ್ದು, ಬದಲಿಸಬಾರದ್ದು

ಬದಲಾವಣೆಯೇ ತಪ್ಪೆಂದು ಇದರ ಅರ್ಥವಲ್ಲ. ಇಟಲಿಯ ಯುವೆಂಟಸ್ ಕ್ಲಬ್ 2017ರಲ್ಲಿ ಹೊಸ ಚಿಹ್ನೆ ತಂದಾಗ ಟೀಕೆಗಳು ಬಂದರೂ ಅದು ಉಳಿದುಕೊಂಡಿತು; ಹೆಸರು ಮತ್ತು ಕಪ್ಪು-ಬಿಳುಪು ಪಟ್ಟೆಗಳ ಅಂಗಿಗೆ ಪೂರ್ಣ ವಿದಾಯ ಹೇಳದಿದ್ದುದು ಅದಕ್ಕೊಂದು ಕಾರಣ. ನಮ್ಮ ರಾಜ್ಯದಲ್ಲಿ ಇನ್ನೂ ಸ್ಪಷ್ಟವಾದ ನಿದರ್ಶನವಿದೆ. 1973ರಲ್ಲಿ ಮೈಸೂರು ರಾಜ್ಯದ ಹೆಸರು ಕರ್ನಾಟಕವಾಯಿತು. ಶತಮಾನ ದಾಟಿದ ಗಂಧದ ಸಾಬೂನಿನ ಕಾರ್ಖಾನೆ 1980ರಲ್ಲಿ 'ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್' ಎಂಬ ಕಂಪನಿಯಾಯಿತು. ಆದರೆ ಪೊಟ್ಟಣದ ಮೇಲೆ ಉಳಿದದ್ದು 'ಮೈಸೂರು ಸ್ಯಾಂಡಲ್' ಎಂಬ ಹೆಸರು ಮತ್ತು ಆನೆಯ ಮುಖ, ಸಿಂಹದ ದೇಹದ ಶರಭ. ದಾಖಲೆಗೆ ಬೇಕಾದ ಹೆಸರು ಬೇರೆ, ಗ್ರಾಹಕ ಕೇಳಿ ಪಡೆಯುವ ಹೆಸರು ಬೇರೆ ಎಂಬ ತಿಳಿವಳಿಕೆ ಇದರಲ್ಲಿದೆ.

ಈ ಮಾರ್ಗ ಸಣ್ಣ ಉದ್ಯಮಿಗೂ ತೆರೆದಿದೆ. ಹೊರದೇಶದ ಖರೀದಿದಾರನಿಗೆ ಬೇಕಾದುದು ಒಂದೇ ಸಮನಾದ ಗುಣಮಟ್ಟ, ಸಕಾಲದ ರವಾನೆ, ಅವನ ಭಾಷೆಯ ವಿವರಪತ್ರ, ನಂಬಬಹುದಾದ ಲೆಕ್ಕ. ಹೂಡಿಕೆದಾರನಿಗೆ ಬೇಕಾದುದು ಲೆಕ್ಕಪರಿಶೋಧನೆಗೆ ಒಳಪಟ್ಟ ಪುಸ್ತಕ ಮತ್ತು ಸ್ಪಷ್ಟವಾದ ಒಪ್ಪಂದ. ಇವುಗಳನ್ನು ಧಾರಾಳವಾಗಿ ಬದಲಿಸಿಕೊಳ್ಳಬಹುದು. ರಫ್ತಿಗೆಂದೇ ಪ್ರತ್ಯೇಕ ಹೆಸರಿಟ್ಟು ಊರಿನ ಮಾರಾಟಕ್ಕೆ ಹಳೆಯದನ್ನೇ ಉಳಿಸಿಕೊಳ್ಳಲೂಬಹುದು. ಹೊರಗಿನ ಪಾಲುದಾರರನ್ನು ಸೇರಿಸಿಕೊಳ್ಳುವಾಗ ಹೆಸರು, ಚಿಹ್ನೆಗಳ ಬದಲಾವಣೆಗೆ ಎಲ್ಲ ಪಾಲುದಾರರ ಲಿಖಿತ ಸಮ್ಮತಿ ಬೇಕೆಂಬ ಷರತ್ತನ್ನು ಒಪ್ಪಂದದಲ್ಲಿಯೇ ಬರೆಸಿಕೊಳ್ಳುವುದು ಕ್ಷೇಮಕರ.

ಕಾರ್ಡಿಫ್‌ನ ಮಾಲೀಕನಿಗೆ ತಪ್ಪನ್ನು ತಿದ್ದಿಕೊಳ್ಳಲು ಎರಡೂವರೆ ವರ್ಷಗಳ ಕಾಲ ನಷ್ಟ ತಾಳುವ ಶಕ್ತಿಯಿತ್ತು. ಸಂತೆಪೇಟೆಯ ವರ್ತಕನಿಗೆ ಅಷ್ಟು ಶಕ್ತಿಯಿರುವುದಿಲ್ಲ. ಹೆಸರು ಅಂಗಡಿಯ ಫಲಕದ ಮೇಲಿದ್ದರೂ ಅದರ ಬೆಲೆ ಇರುವುದು ಗ್ರಾಹಕನ ನಂಬಿಕೆಯಲ್ಲಿ. ಆದುದರಿಂದ ಬದಲಿಸುವ ಮುನ್ನ ಹೂಡಿಕೆದಾರನನ್ನು ಕೇಳುವಂತೆಯೇ ಹಳೆಯ ಗ್ರಾಹಕರಲ್ಲಿ ಹತ್ತು ಮಂದಿಯನ್ನಾದರೂ ಕೇಳುವುದು ವ್ಯಾಪಾರಧರ್ಮಕ್ಕೂ ಲಾಭಕ್ಕೂ ಒಪ್ಪುವ ಕ್ರಮ.